‘ಮೂಲ್ಯಾಗ ಬಿದ್ದಿರ್ತದ’ ಎಂಬ ಸುಳ್ಳು

ಪ್ರಾಣಿ ಸಾಕುವ ವಿಷಯದಲ್ಲಿ ನಮ್ಮ ಕಡೆ ಚಲಾವಣೆಯಲ್ಲಿರುವ ಸುಳ್ಳುಗಳಲ್ಲಿ ಎಲ್ಲಕ್ಕಿಂತ ಸಲೀಸಾಗಿ ಖರ್ಚಾಗುವುದು ಇದು: ‘ಸಣ್ಣ ಪ್ರಾಣಿ ರೀ, ಏನೂ ತ್ರಾಸಿಲ್ಲ. ಒಂದ್ ಮೂಲ್ಯಾಗ ಬಿದ್ದಿರ್ತದ.’ ನಾಯಿ ಸಾಕಲು ಮಾಲೀಕರು ಒಪ್ಪದ ಬಾಡಿಗೆ ಮನೆಗೆ, ಮಗು ಹಟ ಹಿಡಿದ ಮನೆಗೆ, ಒಬ್ಬಂಟಿಯಾಗಿ ಓದುವ ವಿದ್ಯಾರ್ಥಿಯ ಕೋಣೆಗೆ ಹ್ಯಾಮ್‌ಸ್ಟರ್, ಬಿಳಿ ಇಲಿ, ಗಿನಿಪಿಗ್‌ಗಳು ಬಂದು ಸೇರುವುದು ಈ ಒಂದು ಮಾತಿನ ಬಲದಿಂದ. ಇಲ್ಲಿ ‘ಸಣ್ಣ’ ಎಂಬ ಶಬ್ದ ಮೊದಲು ಮೈಯ ಅಳತೆ ಹೇಳುತ್ತದೆ. ಆಮೇಲೆ ಸದ್ದಿಲ್ಲದೆ ಬೆಲೆಗೆ, ಪಂಜರಕ್ಕೆ, ಹೊಣೆಗೆ, ಕಡೆಗೆ ಸಾವಿಗೂ ಹಬ್ಬುತ್ತದೆ. ಸಣ್ಣ ಮೈ, ಆದ್ದರಿಂದ ಸಣ್ಣ ಗೂಡು. ಸಣ್ಣ ಗೂಡು, ಆದ್ದರಿಂದ ಸಣ್ಣ ಕೆಲಸ. ಸತ್ತರೆ, ಆದ್ದರಿಂದ ಸಣ್ಣ ದುಃಖ. ನನ್ನ ತಕರಾರು ಈ ‘ಆದ್ದರಿಂದ’ಗಳ ಮೇಲೆ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ವಿಜಯಪುರ ನಗರ, ತಿಕೋಟಾ, ಬಬಲೇಶ್ವರದಂಥ ಊರುಗಳ ಬಹುಪಾಲು ಮನೆಗಳಿಗೆ, ಅದರಲ್ಲೂ ವಿದ್ಯಾರ್ಥಿಗಳ ಕೋಣೆಗಳಿಗೆ, ಇಲಿ ಜಾತಿಯ ಸಾಕುಪ್ರಾಣಿ ತಕ್ಕದ್ದಲ್ಲ. ಇದು ನನಗೆ ತಕ್ಕ ಪ್ರಾಣಿಯೇ ಎಂದು ಯೋಚಿಸುವವರು ಸಾಮಾನ್ಯವಾಗಿ ತಮ್ಮ ಅನುಕೂಲದ ಪಟ್ಟಿ ಹಿಡಿದು ಕೂರುತ್ತಾರೆ: ವಾಸನೆ ಬರುತ್ತದೆಯೇ, ಕಚ್ಚುತ್ತದೆಯೇ, ತಿಂಗಳಿಗೆ ಖರ್ಚೆಷ್ಟು. ಅದೇ ಪಟ್ಟಿಯನ್ನು ಪ್ರಾಣಿಯ ಕಡೆಯಿಂದ ಬರೆದರೆ ಮೊದಲ ಸಾಲಿನಲ್ಲೇ ನಾವು ಫೇಲಾಗುತ್ತೇವೆ. ಆ ಮೊದಲ ಸಾಲು ಬಿಸಿಲು.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಸುದ್ದಿಯೇ ಅಲ್ಲ. ಹ್ಯಾಮ್‌ಸ್ಟರ್‌ಗೆ ಹಿತವಾದ ಹವೆ ಹೆಚ್ಚುಕಡಿಮೆ 18ರಿಂದ 24 ಡಿಗ್ರಿ. ಗಿನಿಪಿಗ್‌ಗೆ 27–28 ಡಿಗ್ರಿ ದಾಟಿದರೆ ಶಾಖದ ಹೊಡೆತದ ಭಯ. ಈ ಪ್ರಾಣಿಗಳಿಗೆ ನಮ್ಮ ಹಾಗೆ ಮೈಯೆಲ್ಲ ಬೆವರಿ ತಣ್ಣಗಾಗಲು ಬರುವುದಿಲ್ಲ. ನಾವು ಫ್ಯಾನಿನ ಕೆಳಗೆ ಕೂತು ‘ಉಸ್ಸಪ್ಪಾ’ ಎನ್ನುವ ಸುಖ ಬೆವರಿದ ಮೈಯ ಸುಖ. ಬೆವರದ ಮೈಗೆ ಅದೇ ಫ್ಯಾನು ಬಿಸಿಗಾಳಿಯನ್ನು ಆಚೆಯಿಂದ ಈಚೆಗೆ ತಳ್ಳುತ್ತದೆ, ಅಷ್ಟೆ. ಅದೂ ಕರೆಂಟು ಇದ್ದರೆ.

ಈ ಹವೆಯ ಗುಣ ತಿಕೋಟಾದ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿ ದ್ರಾಕ್ಷಿ ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡುಗಳ ಬಲೆಯ ಅಟ್ಟಗಳ ಮೇಲೆ ಹರವುತ್ತಾರೆ. ನೇರ ಬಿಸಿಲು ಬೀಳದಿದ್ದರೂ, ನೆರಳಲ್ಲೇ ಆಡುವ ಒಣ ಬಿಸಿಗಾಳಿ ಸುಮಾರು ಎರಡು ವಾರದಲ್ಲಿ ಹಣ್ಣಿನ ನೀರನ್ನೆಲ್ಲ ಹೀರಿ ಒಣದ್ರಾಕ್ಷಿ ಮಾಡಿಬಿಡುತ್ತದೆ. ನೆರಳಿದ್ದರೆ ಸಾಕು ಎನ್ನುವವರು ಆ ಶೆಡ್ಡಿನಲ್ಲಿ ಒಂದು ಮಧ್ಯಾಹ್ನ ನಿಂತು ನೋಡಬೇಕು. ನಾವು ‘ಮೂಲ್ಯಾಗ’ ಇಡುವ ಗಾಜಿನ ಪೆಟ್ಟಿಗೆಗೆ ಆ ಶೆಡ್ಡಿನಷ್ಟು ಗಾಳಿಯಾಟವೂ ಇರುವುದಿಲ್ಲ. ನಗರದಲ್ಲಿ ವಿದ್ಯಾರ್ಥಿಗಳಿಗೆ ಸಿಗುವ ಕೋಣೆಯೆಂದರೆ ಸಾಮಾನ್ಯವಾಗಿ ಮೇಲಿನ ಮಹಡಿಯದು, ಇಡೀ ದಿನ ಕಾದ ಸ್ಲ್ಯಾಬಿನ ಕೆಳಗಿನದು, ಇಲ್ಲವೆ ಪತ್ರಾಸ್ ಹೊದಿಸಿದ್ದು. ಅಂಥ ಕೋಣೆಯಲ್ಲಿ ನಾವು ಮಧ್ಯಾಹ್ನ ಉಳಿಯುವುದಿಲ್ಲ, ಲೈಬ್ರರಿಗೆ ಹೋಗುತ್ತೇವೆ. ಪಂಜರದಲ್ಲಿರುವುದು ಎಲ್ಲಿಗೆ ಹೋಗಬೇಕು?

‘ಹಂಗಾರ ನಮ್ಮ ಹೊಲದ ಇಲಿ ಹೆಂಗ ಬದುಕ್ತಾವ?’ ಎಂದು ನನ್ನ ಗೆಳೆಯನೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಅವು ಬದುಕುವುದು ಬಿಲದಿಂದ. ಹಗಲು ಮಣ್ಣಿನಡಿಯ ತಂಪಿನಲ್ಲಿದ್ದು ರಾತ್ರಿ ಹೊರಬರುತ್ತವೆ. ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ಹೂತಿಟ್ಟದ್ದೂ ನೆಲದಡಿಯ ಹವೆ ಮೇಲಿನ ಹವೆಯಂತೆ ಏರುಪೇರಾಗುವುದಿಲ್ಲ ಎಂದು ತಿಳಿದೇ. ಹ್ಯಾಮ್‌ಸ್ಟರ್ ಕೂಡ ಹಗೇವಿನ ಪ್ರಾಣಿ. ಇವತ್ತು ಲೋಕದ ಮನೆಮನೆಗಳಲ್ಲಿರುವ ಬಂಗಾರ ಬಣ್ಣದ ಹ್ಯಾಮ್‌ಸ್ಟರ್‌ಗಳ ಮೂಲ 1930ರಲ್ಲಿ ಸಿರಿಯಾದ ಅಲೆಪ್ಪೊ ಬಳಿಯ ಹೊಲವೊಂದರಲ್ಲಿ ಸಿಕ್ಕ ಒಂದೇ ಒಂದು ಸಂಸಾರ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿ ಕೂಲಿಯಾಳುಗಳಿಂದ ಅಗೆಸಿದಾಗ ತಾಯಿ ಮತ್ತು 11 ಮರಿಗಳು ಸಿಕ್ಕಿದ್ದು ಸುಮಾರು 8 ಅಡಿ ಆಳದಲ್ಲಿ. ಹಿಡಿದ ಮೇಲೆ ತಾಯಿ ತನ್ನ ಮರಿಯೊಂದನ್ನು ತಾನೇ ಕೊಂದಿತು. ಉಳಿದ ಕೆಲವೇ ಮರಿಗಳಿಂದ, ಪ್ರಯೋಗಾಲಯದ ಬಳಕೆಗೆಂದು, ಸಂತಾನ ಬೆಳೆಸಲಾಯಿತು. ಹೊಲದಿಂದ ಪ್ರಯೋಗಾಲಯಕ್ಕೆ, ಅಲ್ಲಿಂದ ಅಂಗಡಿಗೆ, ಅಂಗಡಿಯಿಂದ ನಮ್ಮ ಮೂಲೆಗೆ. 8 ಅಡಿ ಆಳದ ಜೀವಕ್ಕೆ ನಾವು ಕೊಡುವುದು ಎರಡು ಬೆರಳು ದಪ್ಪದ ಕಟ್ಟಿಗೆಪುಡಿ. ಅದು ರಾತ್ರಿಯಿಡೀ ಪಂಜರದ ಮೂಲೆ ಕೆರೆಯುತ್ತದೆ. ನಾವು ಅದನ್ನು ಆಟ ಎನ್ನುತ್ತೇವೆ, ವಿಡಿಯೊ ಮಾಡುತ್ತೇವೆ.

ಇನ್ನು ಮಕ್ಕಳ ವಿಷಯ. ಬಬಲೇಶ್ವರದಲ್ಲಿರುವ ನನ್ನ ಅಕ್ಕನ ಮಗ ಐದನೆಯ ಕ್ಲಾಸು. ಮೊಬೈಲಿನಲ್ಲಿ ಚಕ್ರದ ಮೇಲೆ ಓಡುವ ಹ್ಯಾಮ್‌ಸ್ಟರ್ ನೋಡಿ, ‘ಮಾಮಾ, ನನಗೊಂದು ತಂದ್ಕೊಡು’ ಎಂದು ಗಂಟುಬಿದ್ದ. ಅಕ್ಕನ ವಾದ ಬೇರೆ: ‘ತಮ್ಮಾ, ಅದನ್ ಸಾಕ್ಕೊಂತ ಮೊಬೈಲ್ ಬಿಟ್ಟಾನು, ಜವಾಬ್ದಾರಿನೂ ಬಂದೀತು. ಕೂಸಿಗೆ ಇಲ್ಲ ಅನಬ್ಯಾಡ.’ ಎಷ್ಟು ಮನೆಗಳಲ್ಲಿ ಈ ಮಾತು ನಡೆದಿದೆಯೋ. ಜವಾಬ್ದಾರಿ ಕಲಿಸಲು ಪ್ರಾಣಿ ತರುವುದು ಕೇಳಲು ಚೆಂದ. ಆದರೆ ಪಾಠ ಕಲಿಯುವಾಗ ಮಕ್ಕಳು ತಪ್ಪುತ್ತಾರೆ. ತಪ್ಪಬೇಕು, ಕಲಿಕೆಯೆಂದರೆ ಅದೇ. ಲೆಕ್ಕ ತಪ್ಪಿದರೆ ಕೆಂಪು ಗೆರೆ ಬೀಳುತ್ತದೆ. ನೀರು ಇಡುವುದನ್ನು ಮರೆತರೆ ಒಂದು ಜೀವ ಹೋಗುತ್ತದೆ. ಮಗುವಿನ ಅಭ್ಯಾಸಕ್ಕೆ ಒಂದು ಜೀವವನ್ನು ಕೊಪಿಯಂತೆ ಕೊಡಲು ನಮಗೇನು ಹಕ್ಕು?

ಮೇಲಾಗಿ ಇಬ್ಬರ ಗಡಿಯಾರವೂ ಕೂಡಿಬರುವುದಿಲ್ಲ. ಹ್ಯಾಮ್‌ಸ್ಟರ್ ನಿಶಾಚರಿ. ಹುಡುಗ ಸಾಲೆಯಿಂದ ಬಂದು ಕೈಕಾಲು ತೊಳೆದು ಆಡಲು ಕೂರುವ ಹೊತ್ತಿಗೆ ಅದಕ್ಕೆ ಗಾಢ ನಿದ್ದೆ. ಎಬ್ಬಿಸಿದರೆ ಕಚ್ಚುತ್ತದೆ. ಮಗು ಕಿರುಚಿ ಕೈ ಬಿಡುತ್ತದೆ. ಅಷ್ಟು ಎತ್ತರದಿಂದ ಬಿದ್ದ ಅಂಗೈಯಗಲದ ಪ್ರಾಣಿಯ ಕಾಲು, ಬೆನ್ನು ಮುರಿಯಲು ತಡವಾಗುವುದಿಲ್ಲ. ‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಎಂಬ ಗಾದೆಯಲ್ಲಿ ಬೆಕ್ಕಿನ ಜಾಗದಲ್ಲಿ ಯಾರಿದ್ದಾರೆ ಎಂದು ಮನೆಯವರು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಹ್ಯಾಮ್‌ಸ್ಟರ್ ಆಗಲಿ ಇಲಿಯಾಗಲಿ, ಬದುಕುವುದೇ ಎರಡು, ಹೆಚ್ಚೆಂದರೆ ಮೂರು ವರ್ಷ. ಸತ್ತ ದಿನ ದೊಡ್ಡವರು ಅಂಗಡಿಗೆ ಓಡಿ, ಮಗು ಸಾಲೆಯಿಂದ ಬರುವಷ್ಟರಲ್ಲಿ ಅದೇ ಬಣ್ಣದ ಇನ್ನೊಂದನ್ನು ತಂದಿಡುವುದುಂಟು. ಅಲ್ಲಿಗೆ ಮಗು ಕಲಿತ ಪಾಠ ಜವಾಬ್ದಾರಿಯದಲ್ಲ. ಜೀವ ಹೋದರೆ ಅಂಗಡಿಯಲ್ಲಿ ಸಿಗುತ್ತದೆ ಎಂಬುದು.

ನನ್ನ ವಾರಗೆಯವರ ಕಾರಣ ಬೇರೆ, ಅದನ್ನು ನಾನು ಹಗುರಾಗಿ ತೆಗೆದುಕೊಳ್ಳಲಾರೆ. ಪಿಎಚ್‌.ಡಿ. ಮಾಡುವವರ ಒಂಟಿತನ ನನಗೆ ಗೊತ್ತು. ಊರಿನ ಗೆಳೆಯರಿಗೆಲ್ಲ ಮದುವೆಯಾಗಿದೆ, ಫೆಲೋಶಿಪ್ ಬಂದರೆ ಬಂತು ಇಲ್ಲದಿದ್ದರೆ ಇಲ್ಲ, ರಾತ್ರಿ ಎರಡಕ್ಕೆ ಎಚ್ಚರವಾದರೆ ಮಾತಾಡಿಸಲು ಗೋಡೆ ಮಾತ್ರ. ಆ ಹೊತ್ತಿಗೆ ಪಂಜರದಲ್ಲಿ ಏನೋ ಮೆಲ್ಲುವ ಸದ್ದು ಎಷ್ಟು ಸಮಾಧಾನ ಕೊಡಬಹುದು ಎಂದು ಬಲ್ಲೆ. ಆದರೆ ಲೆಕ್ಕ ನೋಡಿ. ಬಂಗಾರ ಬಣ್ಣದ ಹ್ಯಾಮ್‌ಸ್ಟರ್ ಒಂಟಿಯಾಗಿ ಬದುಕುವ ಪ್ರಾಣಿ. ತನ್ನ ಜಾತಿಯದನ್ನೇ ಬೆಳೆದ ಮೇಲೆ ಹತ್ತಿರ ಸೇರಿಸುವುದಿಲ್ಲ. ಒಂಟಿತನ ಕಳೆಯಲು ನಾವು ಆರಿಸಿಕೊಳ್ಳುವುದು ಒಂಟಿತನವನ್ನೇ ಬಯಸುವ ಜೀವವನ್ನು. ಗಿನಿಪಿಗ್ ಇದಕ್ಕೆ ತದ್ವಿರುದ್ಧ. ಅದಕ್ಕೆ ತನ್ನವರ ಗುಂಪು ಬೇಕು. ಸ್ವಿಟ್ಜರ್ಲೆಂಡಿನಲ್ಲಿ 2008ರ ನಿಯಮದ ಪ್ರಕಾರ ಗಿನಿಪಿಗ್ಗನ್ನು ಒಂಟಿಯಾಗಿ ಸಾಕುವಂತೆಯೇ ಇಲ್ಲ. ನಾವು ಒಂದನ್ನೇ ತಂದು, ನಮ್ಮ ಒಂಟಿತನಕ್ಕೆ ಇನ್ನೊಂದು ಒಂಟಿತನವನ್ನು ಪಕ್ಕದಲ್ಲಿಟ್ಟುಕೊಂಡು ಜೊತೆ ಎನ್ನುತ್ತೇವೆ. ಸಂಕ್ರಮಣಕ್ಕೆ ಸಿದ್ಧೇಶ್ವರ ಜಾತ್ರೆ, ದೀಪಾವಳಿಗೆ ಊರು, ಸೆಮಿನಾರಿಗೆ ಧಾರವಾಡ, ಕಲಬುರಗಿ. ಆ ದಿನಗಳಲ್ಲಿ ಪಂಜರದ ಹೊಣೆ ರೂಮ್‌ಮೇಟಿನ ಪರೀಕ್ಷೆಯ ಮೇಲೆ ಬೀಳುತ್ತದೆ.

ಕೆಲವು ಅಂಗಡಿಗಳವರು ಈ ತೊಂದರೆಗೆ ತಮ್ಮದೇ ಪರಿಹಾರ ಇಟ್ಟಿದ್ದಾರೆ: ‘ಜೋಡಿ ತೊಗೊಂಡ್ ಹೋಗ್ರಿ.’ ಹ್ಯಾಮ್‌ಸ್ಟರಿನ ಗರ್ಭದ ಅವಧಿ ಸುಮಾರು 16 ದಿನ. ಗಿನಿಪಿಗ್ ಹೆತ್ತ ಕೆಲವೇ ಗಂಟೆಗಳಲ್ಲಿ ಮತ್ತೆ ಗಬ್ಬವಾಗಬಲ್ಲದು. ಗಂಡು ಹೆಣ್ಣು ಗುರುತಿಸದೆ ತಂದ ಜೋಡಿ ಕೋಣೆಯನ್ನು ತುಂಬುತ್ತದೆ. ಆಮೇಲೆ ಕೇಳುವ ಮಾತು: ‘ಹೊಲದಾಗ ಬಿಟ್ಟು ಬಂದ್ವಿ, ಪಾಪ, ಸ್ವತಂತ್ರ ಇರ್ಲಿ ಅಂತ.’ ಪಂಜರದಲ್ಲೇ ಹುಟ್ಟಿದ, ಬಿಳಿ ಮೈಯ, ಅಡಗಲು ತಿಳಿಯದ ಪ್ರಾಣಿಗೆ ಎರೆಹೊಲದಲ್ಲಿ ಸಿಗುವ ಸ್ವಾತಂತ್ರ್ಯ ಹದ್ದು, ಹಾವು, ಬೆಕ್ಕು ಕಣ್ಣಿಗೆ ಬೀಳುವವರೆಗೆ ಮಾತ್ರ.

ಕಾಯಿಲೆ ಬಿದ್ದರೆ? ನಮ್ಮ ತಾಲ್ಲೂಕುಗಳ ಪಶು ಆಸ್ಪತ್ರೆಗಳು ಇರುವುದು ಆಕಳು, ಎಮ್ಮೆ, ಎತ್ತು, ಕುರಿ, ಆಡುಗಳಿಗಾಗಿ. ರೈತರ ಜೀವನ ಅವುಗಳ ಮೇಲೆ ನಿಂತಿರುವಾಗ ಇರಬೇಕಾದ್ದೂ ಹಾಗೆಯೇ. ನೂರು ಗ್ರಾಮಿನ ಪ್ರಾಣಿಗೆ ಔಷಧದ ಅಳತೆ ಬಲ್ಲ ವೈದ್ಯರನ್ನು ಹುಡುಕಿಕೊಂಡು ದೊಡ್ಡ ಊರಿಗೇ ಹೋಗಬೇಕಾದೀತು. ಮನೆಯಲ್ಲಿದ್ದ ಗುಳಿಗೆಯ ಚೂರು ಹಾಕಿದರೆ ನಡೆಯುತ್ತದೆ ಎಂದುಕೊಂಡವರಿಗೆ ಒಂದು ಮಾತು: ನಮಗೆ ಸರ್ವೇಸಾಮಾನ್ಯವಾದ ಅಮಾಕ್ಸಿಸಿಲಿನ್ ಬಾಯಿಂದ ಕೊಟ್ಟರೆ ಗಿನಿಪಿಗ್, ಹ್ಯಾಮ್‌ಸ್ಟರ್‌ಗಳ ಕರುಳು ಕೆಟ್ಟು ಅವು ಸಾಯಬಹುದು. ಇವು ಬೇಟೆಗೆ ಬಲಿಯಾಗುವ ಜಾತಿಯವಾದ್ದರಿಂದ ನೋವನ್ನು ತೋರಿಸಿಕೊಳ್ಳುವುದಿಲ್ಲ. ನಮ್ಮ ಗಮನಕ್ಕೆ ಬರುವಷ್ಟರಲ್ಲಿ ಬಹಳ ಸಲ ಕೈಮೀರಿರುತ್ತದೆ. ಇಲಿಗಳು ತಮ್ಮೊಳಗೆ ಆಡುವ ಮಾತಿನ ಬಹುಪಾಲು ನಮ್ಮ ಕಿವಿಗೆ ಎಟುಕದ ಶಬ್ದದಲ್ಲಿದೆ. ಗೋಲಗುಂಬಜದ ಪಿಸುಗುಟ್ಟುವ ಗ್ಯಾಲರಿಯಲ್ಲಿ ನಿಂತರೂ ಕೇಳಿಸದು.

ಇಷ್ಟು ಹೇಳಿದಾಗ ಬರುವ ಅತಿ ಗಟ್ಟಿಯಾದ ಎದುರುವಾದವನ್ನು ನಾನು ಮುಚ್ಚಿಡುವುದಿಲ್ಲ. ‘ಹೊಲದಾಗ ಇಲಿಗೆ ವಿಷ ಇಡ್ತೀರಿ, ಹ್ಯಾಮ್‌ಸ್ಟರ್‌ಗೆ ಕಣ್ಣೀರ್ ಹಾಕ್ತೀರಿ. ಎರಡೂ ಇಲಿನೇ ಅಲ್ಲೇನು?’ ಹೌದು. ಜೋಳದ ಹೊಲದ ಬಿಲಗಳಿಗೆ ಜಿಂಕ್ ಫಾಸ್ಫೈಡ್ ಬೆರೆಸಿದ ತಿನಿಸು ಇಡುತ್ತಾರೆ, ನಮ್ಮ ಮನೆಯವರೂ ಇಟ್ಟಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಐದನೆಯ ಅನುಸೂಚಿಯಲ್ಲಿ ಕಾಗೆ, ಹಣ್ಣುಬಾವಲಿಗಳ ಜೊತೆ ಇಲಿಗಳನ್ನು ‘ಉಪದ್ರವಿ’ ಎಂದೇ ಸೇರಿಸಿತ್ತು. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಲ್ಲಿ ಇಲಿಗಳೆಲ್ಲ ನೀರುಪಾಲಾದಾಗ ಯಾವ ಮಗುವೂ ಅತ್ತದ್ದನ್ನು ನಾನು ಕಂಡಿಲ್ಲ. ಈ ಊರಿನ ಇಲಿಭಯ ಬರೀ ಕಥೆಯದೂ ಅಲ್ಲ. 1686ರಲ್ಲಿ ಬಿಜಾಪುರ ಔರಂಗಜೇಬನ ವಶವಾಯಿತು. ಎರಡೇ ವರ್ಷಕ್ಕೆ ಪ್ಲೇಗು ಊರನ್ನು ಬಡಿಯಿತು. ಆ ಬೇನೆಗೆ ಬಾದಶಹನ ಪತ್ನಿ ಔರಂಗಾಬಾದಿ ಮಹಲ್ ಕೂಡ ಬಲಿಯಾದಳು.

ಆದರೂ ಎರಡೂ ಒಂದೇ ಅಲ್ಲ. ಹೊಲದ ಇಲಿಗೂ ನಮಗೂ ಇರುವುದು ಹಗೆತನ, ಹಗೆತನಕ್ಕೂ ಒಂದು ರೀತಿನೀತಿ ಇದೆ. ಹೊಲದ ಇಲಿಗೆ ಓಡಲು ದಾರಿಯಿದೆ, ಬಿಲಕ್ಕೆ ಎರಡನೆಯ ಬಾಗಿಲಿದೆ. ನಮ್ಮ ಜನ ಆ ಹಗೆಯೊಂದಿಗೂ ಒಂದು ದಿನದ ರಾಜಿ ಇಟ್ಟುಕೊಂಡಿದ್ದಾರೆ. ಉತ್ತರ ಕರ್ನಾಟಕದ ಹಲವೆಡೆ ಗಣೇಶ ಚೌತಿಯ ಮರುದಿನ ‘ಇಲಿವಾರ’. ನೇಕಾರರು, ಸಿಂಪಿಗರು ಅಂದು ಕೆಲಸ ನಿಲ್ಲಿಸಿ ಇಲಿಗೆ ಎಡೆ ಇಡುತ್ತಾರೆ: ನಮ್ಮ ನೂಲು, ಬಟ್ಟೆ ಕಡಿಯಬೇಡಪ್ಪ ಎಂದು. ಇದರಲ್ಲಿ ಹೆದರಿಕೆಯಿದೆ, ಲಾಭದ ಲೆಕ್ಕವಿದೆ, ಅದರ ಜೊತೆಗೆ ಆ ಪ್ರಾಣಿಗೆ ತನ್ನದೇ ಬಾಳಿದೆ ಎಂಬ ಒಪ್ಪಿಗೆಯೂ ಇದೆ. ಅಂಗಡಿಯಿಂದ ತಂದ ಹ್ಯಾಮ್‌ಸ್ಟರಿಗೆ ಹಗೆತನದ ಮರ್ಯಾದೆಯೂ ಸಿಗುವುದಿಲ್ಲ. ಅದರ ನೀರು, ಬೆಳಕು, ಶಾಖ, ನಿದ್ದೆ, ಸಂಗಾತಿ ಎಲ್ಲವೂ ನಮ್ಮ ಕೈಯಲ್ಲಿ. ಹೊಲದ ಇಲಿಯ ಸಾವಿನಲ್ಲಿ ನಾವು ಎದುರಾಳಿಗಳು. ಪಂಜರದ ಇಲಿಯ ಸಾವಿನಲ್ಲಿ ನಾವೇ ಅದರ ಹವಾಮಾನ.

ಕಾನೂನು ಏನನ್ನುತ್ತದೆ ಎಂದು ಕೇಳುವವರಿಗೆ: 2018ರ ಸಾಕುಪ್ರಾಣಿ ಅಂಗಡಿ ನಿಯಮಗಳು ಹ್ಯಾಮ್‌ಸ್ಟರ್, ಗಿನಿಪಿಗ್, ಇಲಿಗಳನ್ನೂ ಹೆಸರಿಸಿವೆ, ಅಂಗಡಿಗೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಕಡ್ಡಾಯ ಮಾಡಿವೆ. ಕೊಳ್ಳುವ ಮುನ್ನ ಆ ನೋಂದಣಿ ಪತ್ರ ತೋರಿಸಿ ಎನ್ನುವುದು ನಮ್ಮ ಹಕ್ಕು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ, ಅತ್ತಿತ್ತ ಚಲಿಸಲು ಸಾಕಷ್ಟು ಜಾಗವಿಲ್ಲದ ಪಂಜರದಲ್ಲಿಡುವುದೂ, ಹಸಿದು ಬಾಯಾರಿ ನರಳುವಂತೆ ತೊರೆದುಬಿಡುವುದೂ ಅಪರಾಧ. ಮೊದಲ ಅಪರಾಧಕ್ಕೆ ಆ ಕಾಯ್ದೆ ವಿಧಿಸಿದ ದಂಡ 10ರಿಂದ 50 ರೂಪಾಯಿ. ‘ಸಣ್ಣ’ ಎಂಬ ಶಬ್ದ ಕಾನೂನಿನೊಳಗೂ ಹೊಕ್ಕು ಕೂತಿದೆ.

ಹಾಗಾದರೆ ಯಾರೂ ಸಾಕಲೇಬಾರದೇ? ಸಾಕಬಹುದು, ಕೆಲವರು. ಬೇಸಿಗೆಯಿಡೀ ತಣ್ಣಗಿರುವ ಕೋಣೆ ಇರುವವರು: ಹಳೆಯ ದಪ್ಪ ಗೋಡೆಯ ಮಣ್ಣಿನ ಮಾಳಿಗೆ ಮನೆಯ ಒಳಕೋಣೆ ತಾಳಬಹುದು, ಆದರೆ ಅಳೆದು ನೋಡಿಯೇ ನಂಬಬೇಕು. ಗಿನಿಪಿಗ್ಗಾದರೆ ಒಂದೇ ಲಿಂಗದ ಎರಡನ್ನು, ಐದರಿಂದ ಎಂಟು ವರ್ಷ ನೋಡಿಕೊಳ್ಳಲು ತಯಾರಿರುವವರು. ಅದರ ಮೈ ನಮ್ಮ ಮೈಯಂತೆಯೇ ಸಿ ಜೀವಸತ್ವವನ್ನು ತಾನಾಗಿ ತಯಾರಿಸಿಕೊಳ್ಳಲಾರದು. ದಿನವೂ ದೊಣ್ಣೆಮೆಣಸಿನಕಾಯಿ, ಆಗಾಗ ಪೇರಲದ ಚೂರು ಕೊಡದಿದ್ದರೆ ಕೆಲವೇ ವಾರದಲ್ಲಿ ಕೀಲು ಊದಿ, ವಸಡಿನಲ್ಲಿ ರಕ್ತ ಕಾಣುತ್ತದೆ. ಹಲ್ಲು ಜೀವವಿರುವವರೆಗೂ ಬೆಳೆಯುವುದರಿಂದ ಇಡೀ ದಿನ ಮೆಲ್ಲಲು ಒಣಹುಲ್ಲು ಬೇಕು. ದ್ರಾಕ್ಷಿ ತೋಟದ ಬದುವಿನ ಹುಲ್ಲು ಕಿತ್ತು ಹಾಕುವುದಾದರೆ ಎಣ್ಣಿ ಹೊಡೆದದ್ದು ಯಾವಾಗ ಎಂದು ತೋಟದವರನ್ನು ಕೇಳಿಕೊಂಡು ಬರಬೇಕು. ಹ್ಯಾಮ್‌ಸ್ಟರ್ ಆದರೆ ಬಿಲ ತೋಡಲು ಕಡಿಮೆಯೆಂದರೆ ಗೇಣು ಆಳದ ಹಾಸು, ಸಂದಿಲ್ಲದ ಗಟ್ಟಿ ಚಕ್ರ, ಹಗಲು ಅದನ್ನು ಮುಟ್ಟದಿರುವ ತಾಳ್ಮೆ. ಮನೆಯಲ್ಲಿ ಗರ್ಭಿಣಿಯರಿದ್ದರೆ, ಈ ಪ್ರಾಣಿಗಳಿಂದ ಹರಡುವ ಸೋಂಕುಗಳ ಬಗ್ಗೆ ಮೊದಲು ವೈದ್ಯರನ್ನು ಕೇಳಬೇಕು. ಇಷ್ಟೆಲ್ಲ ಕೇಳಿದ ಮೇಲೂ ‘ಆಗಲಿ’ ಎನ್ನುವವರ ಮನೆಯಲ್ಲಿ ಅದು ಮೂಲೆಯಲ್ಲಿ ಬಿದ್ದಿರುವುದಿಲ್ಲ, ಮನೆಯ ನಡುವೆ ಇರುತ್ತದೆ. ಅಂಥವರೊಡನೆ ನನಗೆ ಜಗಳವಿಲ್ಲ.

ಅಕ್ಕನ ಮನೆಯಲ್ಲಿ ವಾದದಿಂದ ಏನೂ ಇತ್ಯರ್ಥವಾಗಲಿಲ್ಲ. ಕಡೆಗೆ ಹುಡುಗನಿಗೆ ಗೋಡೆಗೆ ತೂಗುಹಾಕುವ ಒಂದು ತಾಪಮಾಪಕ ಕೊಟ್ಟು, ಪಂಜರ ಎಲ್ಲಿಡಬೇಕೆಂದಿದ್ದಾನೋ ಆ ಮೂಲೆಯಲ್ಲೇ ಇಡು, ಮೇ ತಿಂಗಳಲ್ಲಿ ಒಂದು ವಾರ ಮಧ್ಯಾಹ್ನ ಮೂರಕ್ಕೂ ರಾತ್ರಿ ಮಲಗುವ ಮುನ್ನವೂ ನೋಡಿ ಬರಿ ಎಂದೆ. ಅವನು ಕ್ಯಾಲೆಂಡರಿನ ಹಿಂದೆ ಬರೆದ: 37, 34, 38, 34, 37, 33. ನಾಲ್ಕನೆಯ ದಿನ ಅವನೇ ಫೋನು ಮಾಡಿ, ‘ಮಾಮಾ, ಇಪ್ಪತ್ನಾಲ್ಕಕ್ಕ ಯಾವಾಗ ಬರ್ತದ?’ ಎಂದ. ಡಿಸೆಂಬರಿನಲ್ಲಿ ಎಂದೆ. ‘ಮತ್ತ ಅಲ್ಲೀತನಾ?’ ಎಂದ. ಅಕ್ಕನಿಗೆ ಇನ್ನೂ ಪೂರ್ತಿ ಒಪ್ಪಿಗೆಯಿಲ್ಲ. ಕೂಲರ್ ಇಟ್ಟರಾಯಿತು ಎನ್ನುತ್ತಾಳೆ. ಕರೆಂಟು ಹೋದಾಗ ಏನು ಮಾಡುತ್ತೀ ಎಂದರೆ ಮಾತು ಬದಲಿಸುತ್ತಾಳೆ. ಹುಡುಗ ಸದ್ಯಕ್ಕೆ ಹಿತ್ತಲ ಬೇವಿನ ಮರದ ಇಣಚಿಗಳನ್ನು ಎಣಿಸುತ್ತಿದ್ದಾನೆ. ಅವು ಕೈಗೆ ಸಿಗುವುದಿಲ್ಲವೆಂದು ಅವನಿಗೆ ಸಿಟ್ಟು. ಸಿಗದಿರುವುದೇ ಅವುಗಳ ಬದುಕು ಎಂದು ಹೇಳಿದರೆ ಈಗ ಕೇಳುವ ವಯಸ್ಸಲ್ಲ ಅವನದು.

ಕೇಳುವ ವಯಸ್ಸಿನವರು ನೀವು, ಓದುಗರು. ಅಂಗಡಿಗೆ ಹೋಗುವ ಮುಂಚೆ ಒಂದು ತಾಪಮಾಪಕ ಕೊಳ್ಳಿ. ಒಂದು ವಾರದ ಅಂಕಿ ಬರೆದು, ಅದರ ಕೆಳಗೆ ಮೂರು ಹೆಸರು ಬರೆಯಿರಿ: ನೀವು ಊರಿಗೆ ಹೋದಾಗ ನೋಡಿಕೊಳ್ಳುವವರು, ಕಾಯಿಲೆ ಬಿದ್ದಾಗ ತೋರಿಸುವ ವೈದ್ಯರು, ನಿಮ್ಮ ಪಿಎಚ್‌.ಡಿ. ಮುಗಿದು ಕೆಲಸ ಬೇರೆ ಊರಿಗೆ ಬಿದ್ದರೆ ಅದನ್ನು ಇಟ್ಟುಕೊಳ್ಳುವವರು. ಒಂದು ಹೆಸರು ಖಾಲಿ ಉಳಿದರೂ ಆ ಮೂಲೆಯಲ್ಲಿ ಪುಸ್ತಕ ಇಡಿ.